ಸಣ್ಣ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಹುಡುಗರನ್ನು ಹಿಡಿಯೋದು ಹೇಗೆ: ಓಹಾಯೋದಿಂದ ಒಂದಿಷ್ಟು ಕಿವಿಮಾತು

ನಾನು ದಾವಣಗೆರೆಯವನು. ವಾರವೆಲ್ಲ ಸಾಫ್ಟ್‌ವೇರ್ ಕೆಲಸ. ಸಂಜೆ ಮತ್ತು ಶನಿವಾರ ಈಶಾನ್ಯ ಓಹಾಯೋದ ಒಂದು ಸಣ್ಣ ಕಾಲೇಜಿನ ರಿಕ್ರೂಟಿಂಗ್ ಆಫೀಸಿನಲ್ಲಿ ಕೈಲಾದ ಸಹಾಯ ಮಾಡುತ್ತೇನೆ. ಆಟ ಅಮೆರಿಕನ್ ಫುಟ್‌ಬಾಲ್, ಹೆಲ್ಮೆಟ್ ಹಾಕಿ ಗುದ್ದಾಡುವುದು. ಇಲ್ಲಿ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದಲು ಬಂದ ನಮ್ಮ ಕಡೆಯ ಒಬ್ಬಿಬ್ಬರು ಇಂಥದೇ ಆಫೀಸುಗಳಲ್ಲಿ ಸೇರಿಕೊಂಡು, ಎಲ್ಲಿಂದ ಶುರು ಮಾಡೋದು ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಮೊದಲು ನಿಮ್ಮ ಕೈಯಲ್ಲಿ ಏನಿದೆ ನೋಡಿಕೊಳ್ಳಿ. ನಮ್ಮದು ಡಿವಿಷನ್ ತ್ರೀ, ಅಂದರೆ ಅಮೆರಿಕದ ಕಾಲೇಜು ಆಟಗಳ ಮೂರನೇ ಹಂತ. ಈ ಮಟ್ಟದಲ್ಲಿ ಸುಮಾರು 240 ಕಾಲೇಜುಗಳು ಫುಟ್‌ಬಾಲ್ ಆಡುತ್ತವೆ. ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋ ಹಾಗಿಲ್ಲ. ಮಾರ್ಕ್ಸ್ ನೋಡಿ, ಮನೆಯ ಆದಾಯ ನೋಡಿ ಕೊಡುವ ನೆರವಷ್ಟೇ. ವಿಮಾನ ಹತ್ತಿ ದೇಶ ಸುತ್ತುವ ದುಡ್ಡಂತೂ ಇಲ್ಲ. ಆದರೂ ವರ್ಷಕ್ಕೆ 35–40 ಹೊಸ ಹುಡುಗರು ಬೇಕು.

ಆದ್ದರಿಂದ ಮ್ಯಾಪ್ ತೆಗೆಯಿರಿ. ಮೈಲಿ ಬೇಡ, ಕಾರಿನಲ್ಲಿ ಎಷ್ಟು ಗಂಟೆ ಅನ್ನುವ ಲೆಕ್ಕದಲ್ಲಿ ಗೆರೆ ಎಳೆಯಿರಿ. ನಮ್ಮ ಗೆರೆ ಮೂರು ಗಂಟೆ. ಕ್ಲೀವ್‌ಲ್ಯಾಂಡ್, ಆಕ್ರನ್, ಕ್ಯಾಂಟನ್, ಯಂಗ್ಸ್‌ಟೌನ್, ಕೊಲಂಬಸ್ ಒಳಗೆ ಬರುತ್ತವೆ. ರಾಜ್ಯದ ಗಡಿ ದಾಟಿದರೆ ಪಿಟ್ಸ್‌ಬರ್ಗ್, ಈರಿ. ಮೂರೇ ಗಂಟೆ ಯಾಕೆ? ಶನಿವಾರ ಮಧ್ಯಾಹ್ನ ಮಗನ ಆಟ ನೋಡಿದ ಅಪ್ಪ ಅಮ್ಮ ರಾತ್ರಿ ಊಟಕ್ಕೆ ಮನೆ ಸೇರಬೇಕು. ಮನೆಯವರು ಬರುತ್ತಿದ್ದರೆ ಹುಡುಗ ಉಳಿಯುತ್ತಾನೆ.

ಫ್ಲೋರಿಡಾದಲ್ಲಿ ಪ್ರತಿಭೆ ಜಾಸ್ತಿ ಅಲ್ವಾ ಅಂತ ಹೊಸ ಕೋಚ್‌ಗಳು ಕೇಳುತ್ತಾರೆ. ಜಾಸ್ತಿ, ನಿಜ. ಆದರೆ ಜನವರಿಯಲ್ಲಿ ಲೇಕ್ ಈರಿ ಕಡೆಯಿಂದ ಹಿಮ ಸುರಿಯತೊಡಗಿದರೆ ಆ ಹುಡುಗ ರೂಮಿನಲ್ಲಿ ಕೂತು ವಾಪಸ್ ಟಿಕೆಟ್ ನೋಡುತ್ತಿರುತ್ತಾನೆ. ಫ್ಲೋರಿಡಾದಲ್ಲೇ ಗೆದ್ದವರು ಏನು ಮಾಡಿದರು ನೋಡಿ. 1979ರಲ್ಲಿ ಮಯಾಮಿ ವಿಶ್ವವಿದ್ಯಾಲಯದ ತಂಡಕ್ಕೆ ಬಂದ ಕೋಚ್ ಹೊವರ್ಡ್ ಶ್ನೆಲೆನ್‌ಬರ್ಗರ್, ದಕ್ಷಿಣ ಫ್ಲೋರಿಡಾಕ್ಕೆ ‘ಸ್ಟೇಟ್ ಆಫ್ ಮಯಾಮಿ’ ಅಂತ ಹೆಸರಿಟ್ಟು ಮನೆ ಸುತ್ತಲಿನ ಹುಡುಗರನ್ನೇ ಹಿಡಿದರು. 1983ರ ಸೀಸನ್‌ನಲ್ಲಿ ತಂಡ ದೇಶಕ್ಕೇ ಚಾಂಪಿಯನ್.

ನಮ್ಮ ಗೆರೆಯೊಳಗಿನ ನೆಲವೂ ಬಡವಲ್ಲ. ಮ್ಯಾಸಿಲನ್ ಮತ್ತು ಕ್ಯಾಂಟನ್ ಮೆಕಿನ್ಲಿ ಹೈಸ್ಕೂಲುಗಳ ಜಿದ್ದು 1894ರಿಂದ ನಡೆದಿದೆ. ಪಿಟ್ಸ್‌ಬರ್ಗ್ ಪಕ್ಕದ ಅಲಿಕ್ವಿಪಾ ಉಕ್ಕಿನ ಕಾರ್ಖಾನೆಯ ಸಣ್ಣ ಊರು. ವೃತ್ತಿಪರ ಫುಟ್‌ಬಾಲ್‌ನ ತಾರೆಯರಾದ ಮೈಕ್ ಡಿಟ್ಕಾ, ಟೈ ಲಾ, ಡ್ಯಾರೆಲ್ ರೆವಿಸ್ ಅಲ್ಲಿಂದಲೇ ಬಂದವರು. ಪೈಪೋಟಿಯೂ ಹಾಗೇ ಇದೆ. ಅಲಯನ್ಸ್ ಊರಿನ ಮೌಂಟ್ ಯೂನಿಯನ್ ಕಾಲೇಜು ಲ್ಯಾರಿ ಕೇರಸ್ ಕೋಚ್ ಆಗಿದ್ದಾಗಲೇ 11 ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು. ನೀವು ನೋಡಿದ ಹುಡುಗನನ್ನು ಅವರೂ ನೋಡಿರುತ್ತಾರೆ, ಅನುಮಾನವೇ ಬೇಡ.

ಗೆರೆಯೊಳಗಿನ ಜಾಗವನ್ನು ಕೋಚ್‌ಗಳಿಗೆ ಹಂಚಿ. ಆಮೇಲೆ ಬದಲಾಯಿಸಬೇಡಿ. ಇದೇ ಮುಖ್ಯ. ಪ್ರತಿ ವರ್ಷ ಹೊಸ ಮುಖ ಹೋದರೆ ಹೈಸ್ಕೂಲ್ ಕೋಚ್ ಬ್ರೋಷರ್ ತೆಗೆದುಕೊಂಡು ನಕ್ಕು ಕಳಿಸುತ್ತಾರೆ. ಅದೇ ಮನುಷ್ಯ, ಆ ಶಾಲೆಯಲ್ಲಿ ತನಗೆ ಬೇಕಾದ ಹುಡುಗ ಇಲ್ಲದ ವರ್ಷವೂ ಹೋದರೆ, ಆ ಹೈಸ್ಕೂಲ್ ಕೋಚ್ ಬಾಗಿಲು ಮುಚ್ಚಿ ನಿಜ ಹೇಳುತ್ತಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆ ‘ನಿಮ್ಮ ಬೆಸ್ಟ್ ಹುಡುಗ ಯಾರು’ ಅಲ್ಲ. ಅದು ಊರಿಗೇ ಗೊತ್ತು. ‘ಯಾರೂ ಬಂದು ಕೇಳದ ಒಳ್ಳೆ ಹುಡುಗ ಯಾರು’ ಅಂತ ಕೇಳಿ. ಹಾಗೇ ಕುಸ್ತಿ ಕೋಚ್‌ಗೂ ಒಂದು ನಮಸ್ಕಾರ ಹೇಳಿ ಬನ್ನಿ. ಮುಂದಿನ ಸಾಲಿನಲ್ಲಿ ನಿಂತು ಎದುರಿನವನನ್ನು ತಳ್ಳುವವನೇ ಲೈನ್‌ಮನ್. ಚಳಿಗಾಲದಲ್ಲಿ ಕುಸ್ತಿ ಆಡುವ ಲೈನ್‌ಮನ್‌ಗೆ ಸೊಂಟ ಹೇಗೆ ಬಗ್ಗಿಸಬೇಕು ಅಂತ ನೀವು ಕಲಿಸಬೇಕಾಗಿಲ್ಲ.

ವಿಡಿಯೊ ವಿಚಾರ. ಹಡಲ್ ಅನ್ನುವ ವಿಡಿಯೊ ಸೈಟಿನಲ್ಲಿ ಹಾಕುವ ಹೈಲೈಟ್ಸ್ ಮದುವೆ ಆಲ್ಬಮ್ ಇದ್ದ ಹಾಗೆ, ಎಲ್ಲರೂ ಚೆಂದ ಕಾಣುತ್ತಾರೆ. ಪೂರ್ತಿ ಮ್ಯಾಚ್ ಕೇಳಿ ತರಿಸಿ, ಅದರಲ್ಲೂ ಸೋತದ್ದು. ಬಾಲ್ ಎಡಕ್ಕೆ ಓಡಿದಾಗ ಬಲಗಡೆಯ ಗಾರ್ಡ್ (ಅವನೂ ಲೈನ್‌ಮನ್ನೇ) ಏನು ಮಾಡುತ್ತಾನೆ ನೋಡಿ. ಕೆಲವರು ಎರಡು ಹೆಜ್ಜೆ ಹಾಕಿ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾರೆ. ಒಬ್ಬ ಮಾತ್ರ ವಿಸಿಲ್ ಊದುವವರೆಗೂ ಎದುರಿನವನನ್ನು ತಳ್ಳಿಕೊಂಡೇ ಹೋಗುತ್ತಾನೆ. ಆಮೇಲೆ ಓಡಿ ಹೋಗಿ, ಬಾಲ್ ಹಿಡಿದು ಓಡಿ ದೂರದಲ್ಲಿ ಬಿದ್ದ ತನ್ನ ರನ್ನಿಂಗ್ ಬ್ಯಾಕನ್ನು ಎಬ್ಬಿಸುತ್ತಾನೆ. ಆರಡಿ ಎರಡಿಂಚು ಅಂತ ಬರೆದುಕೊಂಡವನು ಆರಡಿಯೇ ಇದ್ದರೂ ಪರವಾಗಿಲ್ಲ, ಅವನ ಹೆಸರು ಬರೆದುಕೊಳ್ಳಿ. ಎತ್ತರವನ್ನಂತೂ ಕಣ್ಣಾರೆ ನೋಡಿಯೇ ನಂಬಿ.

ಎಕ್ಸೆಲ್ ಶೀಟ್ ಜಾಸ್ತಿ ಉದ್ದ ಮಾಡಬೇಡಿ. ಹೆಸರು, ಶಾಲೆ, ತಂಡದಲ್ಲಿ ಆಡುವ ಜಾಗ, ಮಾರ್ಕ್ಸ್, ಓದಬೇಕೆಂದಿರುವ ವಿಷಯ, ಕೊನೆಯ ಸಲ ಮಾತಾಡಿದ ದಿನ, ಮನೆಯಲ್ಲಿ ತೀರ್ಮಾನ ಮಾಡುವವರು ಯಾರು. ಕೊನೆಯ ಕಾಲಂ ಖಾಲಿ ಬಿಟ್ಟವರೇ ಹುಡುಗನನ್ನು ಕಳೆದುಕೊಳ್ಳೋದು. ಎಷ್ಟೋ ಮನೆಯಲ್ಲಿ ಅದು ಅಜ್ಜಿ.

ದುಡ್ಡಿನ ಮಾತು ಬೇಗ ಎತ್ತಿ. ಸಂಕೋಚ ಬೇಡ. ಫೀಸು 50,000 ಡಾಲರ್ ಅಂತ ವೆಬ್‌ಸೈಟಿನಲ್ಲಿ ನೋಡಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ನೆರವು ಕಳೆದು ಕೈಯಿಂದ ಕೊಡುವುದು ಅದರ ಅರ್ಧಕ್ಕೂ ಕಡಿಮೆ ಇರಬಹುದು. ಕಾಲೇಜಿನ ಸೈಟಿನಲ್ಲೇ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತದೆ, ಇರಲೇಬೇಕು ಅಂತ ಕಾನೂನಿದೆ. ಅಮ್ಮನ ಪಕ್ಕ ಕೂತು ತುಂಬಿಸಿ ತೋರಿಸಿ. ಸರ್ಕಾರಿ ನೆರವಿನ ಅರ್ಜಿ ಫ್ಯಾಫ್ಸಾ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ತೆರೆಯುತ್ತದೆ. ತುಂಬಿದರಾ ಅಂತ ಸುಮ್ನೆ ಮೆಸೇಜ್ ಹಾಕಿ ಬಿಡಬೇಡಿ, ಫೋನ್ ಮಾಡಿ.

ಇನ್ನು ಕಾಯುವ ಆಟ. ಒಳ್ಳೆಯ ಹುಡುಗರೆಲ್ಲ ಆಕ್ರನ್, ಕೆಂಟ್ ಸ್ಟೇಟ್, ಟೊಲೀಡೊ ಥರದ, ಆಟಕ್ಕೆ ಸ್ಕಾಲರ್‌ಶಿಪ್ ಕೊಡುವ ದೊಡ್ಡ ತಂಡಗಳ ಕರೆಗೆ ಕಾಯುತ್ತಾರೆ. ತಪ್ಪೇನಿಲ್ಲ. 2018ರಲ್ಲಿ, ಕಾಲೇಜು ಬದಲಾಯಿಸುವ ಆಟಗಾರರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಶುರುವಾದ ಮೇಲೆ ಆ ತಂಡಗಳು ಬೇರೆ ಕಾಲೇಜಿನಲ್ಲಿ ಆಡಿ ಪಳಗಿದವರನ್ನೂ ತುಂಬಿಸಿಕೊಳ್ಳುತ್ತಿವೆ. ಹೈಸ್ಕೂಲ್ ಹುಡುಗರಿಗೆ ಜಾಗ ಕಡಿಮೆ. ದೊಡ್ಡ ತಂಡಗಳಿಗೆ ಹುಡುಗರು ಸಹಿ ಹಾಕುವ ಡಿಸೆಂಬರ್‌ನ ಸಹಿ ದಿನ ಮುಗಿದರೂ ಕರೆ ಬರದಿದ್ದರೆ ಹುಡುಗ ಮಂಕಾಗಿರುತ್ತಾನೆ. ಮುನಿಸು ತೋರಿಸದೆ ಮಾರನೇ ದಿನವೇ ಫೋನ್ ಮಾಡಿ, ಕ್ಯಾಂಪಸ್‌ಗೆ ಕರೆಯಿರಿ. ದೊಡ್ಡ ತಂಡವನ್ನು ಬೈದು ಮಾತ್ರ ಮಾತಾಡಬೇಡಿ.

ಕೊನೆಗೆ ಒಂದು ವಿಷಯ. ನಮ್ಮ ಮಟ್ಟದಲ್ಲಿ ಹುಡುಗನನ್ನು ಕಟ್ಟಿಹಾಕುವ ಕರಾರು ಇಲ್ಲ. ನಮ್ಮ ಕಾಲೇಜಿನ ಟೋಪಿ ಹಾಕಿಕೊಂಡು ಫೋಟೊ ತೆಗೆಸಿಕೊಂಡ ಅಂತ ಲೆಕ್ಕಕ್ಕೆ ಸೇರಿಸಬೇಡಿ. ಅಡ್ಮಿಷನ್ ಡಿಪಾಸಿಟ್ ಕಟ್ಟಿದ ಮೇಲೆ ಸೇರಿಸಿ. ಕಟ್ಟಿದ ಮೇಲೂ ಬೇಸಿಗೆಯಲ್ಲಿ ಮನಸ್ಸು ಬದಲಾಯಿಸುವವರು ಇದ್ದಾರೆ. ಆದ್ದರಿಂದ ಜೂನ್, ಜುಲೈಯಲ್ಲಿ ವಾರಕ್ಕೊಂದು ಫೋನ್ ನಿಲ್ಲಿಸಬೇಡಿ. ಆ ಕೆಲಸವನ್ನು ಅದೇ ಊರಿನಿಂದ ಬಂದ ಹಳೇ ಆಟಗಾರನಿಗೆ ಒಪ್ಪಿಸಿದರೆ ಇನ್ನೂ ಒಳ್ಳೇದು.