ಪೆಪ್ಪರ್ ಸ್ಪ್ರೇ: ಖಾರ ಇದ್ದೀತು, ಒತ್ತಡ ಇದೆಯೇ?

ಪೆಪ್ಪರ್ ಸ್ಪ್ರೇ ಹಳೆಯದಾದರೆ ಅದರ ಖಾರ ಇಳಿದುಹೋಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಖಾರ ಅಷ್ಟು ಬೇಗ ಇಳಿಯುವುದಿಲ್ಲ. ಮೆಣಸಿನಕಾಯಿಯಿಂದ ತೆಗೆದ ಎಣ್ಣೆಯಂಥ ಸಾರವಾದ ಒಲಿಯೊರೆಸಿನ್‌ನಲ್ಲಿರುವ ಕ್ಯಾಪ್ಸೈಸಿನ್ ಎಂಬ ಖಾರದ ಅಂಶ ಮುಚ್ಚಿದ ಡಬ್ಬಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮೊದಲು ಕೈಕೊಡುವುದು ಅದನ್ನು ಹೊರಗೆ ತಳ್ಳುವ ಅನಿಲ. ವಾಲ್ವ್‌ನೊಳಗಿನ ರಬ್ಬರ್ ವಾಷರ್ ಒಣಗಿ ಬಿರುಸಾಗುತ್ತದೆ, ಅನಿಲ ಸದ್ದಿಲ್ಲದೆ ಸೋರುತ್ತದೆ. ಹೊಸದಿದ್ದಾಗ ಮೂರು ಮೀಟರ್ ದೂರ ಚಿಮ್ಮುತ್ತಿದ್ದ ದ್ರವ ಆಮೇಲೆ ನಿಮ್ಮದೇ ಬೆರಳ ಮೇಲೆ ತೊಟ್ಟಿಕ್ಕುತ್ತದೆ. ಡಬ್ಬಿಯ ಮೇಲೆ ಅಚ್ಚಾಗಿರುವ ಅವಧಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ, ಮುಖ್ಯವಾಗಿ ಈ ಒತ್ತಡದ ಲೆಕ್ಕ.

ಆ ಲೆಕ್ಕವೂ ನೆರಳಲ್ಲಿಟ್ಟ ಡಬ್ಬಿಯದು. ವಿಜಯಪುರ, ಬಾಗಲಕೋಟೆಯ ಬಿಸಿಲು ಅದರಲ್ಲಿ ಸೇರಿಲ್ಲ.

ಕೊಳ್ಳುವಾಗ

ಮೊದಲು ತಯಾರಿಕೆಯ ತಿಂಗಳು ಮತ್ತು ಅವಧಿ ಮುಗಿಯುವ ತಿಂಗಳು ಎರಡನ್ನೂ ಓದಿ. ಆನ್‌ಲೈನ್‌ನಲ್ಲಿ ರಿಯಾಯಿತಿಗೆ ಬರುವ ಡಬ್ಬಿ ಕೆಲವೊಮ್ಮೆ ಗೋದಾಮಿನಲ್ಲೇ ಒಂದೂವರೆ ವರ್ಷ ಕಳೆದಿರುತ್ತದೆ. ತಯಾರಾಗಿ ಆರು ತಿಂಗಳು ದಾಟಿದ್ದರೆ ಹಿಂದಿರುಗಿಸಿ. ದಿನಾಂಕವೇ ಇಲ್ಲದ ಡಬ್ಬಿಯನ್ನು ಮುಟ್ಟಲೇಬೇಡಿ.

ಎರಡನೆಯದು, ಸಿಂಪಡಿಕೆಯ ಬಗೆ. ಮಂಜಿನಂತೆ ಹರಡುವ ಸ್ಪ್ರೇಗೆ ಗುರಿ ಅಷ್ಟು ಬೇಕಿಲ್ಲ, ಆದರೆ ಗಾಳಿ ಅದನ್ನು ನಿಮ್ಮ ಮುಖಕ್ಕೇ ತರುತ್ತದೆ. ಧಾರೆಯಾಗಿ ಚಿಮ್ಮುವುದು ಗಾಳಿಯನ್ನು ಚೆನ್ನಾಗಿ ಸೀಳುತ್ತದೆ. ಗುರಿ ಮಾತ್ರ ಕಣ್ಣಿಗೇ ಇರಬೇಕು. ಜೆಲ್ ಮರಳಿ ಬರುವುದು ಇನ್ನೂ ಕಡಿಮೆ, ಪರಿಣಾಮಕ್ಕೆ ತುಸು ಹೆಚ್ಚು ಹೊತ್ತು ಬೇಕು. ಮಳೆಗಾಲದ ಪಶ್ಚಿಮದ ಗಾಳಿಗೆ ಮೈಯೊಡ್ಡುವ ಬೆಳಗಾವಿಯಲ್ಲಿ, ಬಟಾಬಯಲಿನ ಬಸ್ ನಿಲ್ದಾಣಗಳಲ್ಲಿ ಇಳಿಯುವವರಿಗೆ ಧಾರೆಯ ಬಗೆಯೇ ವಾಸಿ.

'ಶೇ 10', 'ಶೇ 18' ಎಂಬ ದೊಡ್ಡ ಅಂಕಿಗೆ ಮರುಳಾಗಬೇಡಿ. ಅದು ಒಲಿಯೊರೆಸಿನ್ ಎಷ್ಟಿದೆ ಎಂಬುದನ್ನಷ್ಟೇ ಹೇಳುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಒಲಿಯೊರೆಸಿನ್‌ನಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಖಾರದ ತಳಿಯದ್ದು ಬೇರೆಯೇ ಮಾತು. ನೋಡಬೇಕಾದ್ದು 'ಕ್ಯಾಪ್ಸೈಸಿನಾಯ್ಡ್', ಅಂದರೆ ಕ್ಯಾಪ್ಸೈಸಿನ್ ಮತ್ತು ಅದರ ಬಳಗದ ಖಾರದ ಅಂಶಗಳ ಪ್ರಮಾಣ. ಅದು ಶೇ 1ರ ಆಸುಪಾಸು ಇದ್ದರೆ ಸಾಕಷ್ಟು ಬಲವಾದದ್ದು.

ಮನೆಯಲ್ಲೇ ಖಾರಪುಡಿಯನ್ನು ನೀರಿಗೆ ಕಲಸಿ ಬಾಟಲಿಗೆ ತುಂಬುವ ಉಪಾಯವನ್ನು ದಯವಿಟ್ಟು ನಂಬಬೇಡಿ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಪುಡಿ ತಳಕ್ಕೆ ಕೂತು ಸಣ್ಣ ತೂತನ್ನು ಮುಚ್ಚುತ್ತದೆ. ಬೇಕಾದ ಕ್ಷಣದಲ್ಲಿ ಬಾಟಲಿಯಿಂದ ಏನೂ ಹೊರಬರುವುದಿಲ್ಲ.

ತಂದ ದಿನವೇ ಮಾಡಬೇಕಾದ್ದು

ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಂತು, ಹತ್ತಿರ ಮಕ್ಕಳು, ದನಕರು ಇಲ್ಲವೆಂದು ನೋಡಿ, ಅರ್ಧ ಸೆಕೆಂಡ್ ಒಮ್ಮೆ ಸಿಂಪಡಿಸಿ. ಮೂರು ಮೀಟರ್ ದೂರದ ಗೋಡೆಗೆ ಅಂಟಿಸಿದ ಹಳೆಯ ಪತ್ರಿಕೆಗೆ ಧಾರೆ ನೇರವಾಗಿ ಬಡಿಯಬೇಕು. ನಂತರ ನಳಿಕೆಯ ತುದಿಯನ್ನು ಕಾಗದದಿಂದ ಒರೆಸಿ, ಕೈಯನ್ನು ಸೋಪಿನಿಂದ ತೊಳೆಯಿರಿ. ತುದಿಯಲ್ಲಿ ಒಣಗಿದ ಎಣ್ಣೆ ಅಂಟಾಗಿ ಮುಂದೆ ದಾರಿ ಕಟ್ಟುತ್ತದೆ.

ಇನ್ನು ತೂಕ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಸೋರಿಕೆ ಹಿಡಿಯಲು ಇಷ್ಟು ಅಗ್ಗದ ದಾರಿ ಇನ್ನೊಂದಿಲ್ಲ. ಪರೀಕ್ಷೆ ಮುಗಿದ ಮೇಲೆ ಡಬ್ಬಿಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ತೂಗಿ. ಮನೆಯಲ್ಲಿ ಇಲ್ಲದಿದ್ದರೆ ಪರಿಚಯದ ಪತ್ತಾರರ ಅಂಗಡಿಯಲ್ಲಿ ಇನ್ನೂ ಕರಾರುವಾಕ್ಕಾಗಿ ತೂಗಬಹುದು. ಗ್ರಾಂ ಲೆಕ್ಕವನ್ನೂ ದಿನಾಂಕವನ್ನೂ ಬಿಳಿ ಪಟ್ಟಿಯ ಮೇಲೆ ಬರೆದು ಡಬ್ಬಿಗೇ ಅಂಟಿಸಿ. ಮೂರು ತಿಂಗಳಿಗೊಮ್ಮೆ ಮತ್ತೆ ತೂಗಿ. ಸಿಂಪಡಿಸದೆಯೇ ಒಂದೆರಡು ಗ್ರಾಂ ಇಳಿದಿದ್ದರೆ ವಾಲ್ವ್ ಸೋರುತ್ತಿದೆ ಎಂದರ್ಥ. ಅವಧಿ ಉಳಿದಿದ್ದರೂ ಬದಲಿಸಿ. ಒಂದು ಎಚ್ಚರ: ದ್ರವರೂಪದ ಅನಿಲ ತುಂಬಿದ ಡಬ್ಬಿಗೆ ಮಾತ್ರ ಈ ಲೆಕ್ಕ ಹೊಂದುತ್ತದೆ. ನೈಟ್ರೋಜನ್ ತುಂಬಿದ್ದರಲ್ಲಿ ಅನಿಲದ ತೂಕವೇ ನಗಣ್ಯ, ಎಲ್ಲ ಸೋರಿಹೋದರೂ ಅಡುಗೆಮನೆಯ ತಕ್ಕಡಿಗೆ ಗೊತ್ತಾಗದು. ಅದಕ್ಕೆ ಆರು ತಿಂಗಳಿಗೊಮ್ಮೆ ಅರ್ಧ ಸೆಕೆಂಡಿನ ಪರೀಕ್ಷೆಯೇ ಗತಿ. ಅದಕ್ಕಿಂತ ಹೆಚ್ಚು ಬೇಡ. ಕೀಲಿಗೊಂಚಲಿನ ಚಿಕ್ಕ ಡಬ್ಬಿ ಕೆಲವೇ ಸೆಕೆಂಡುಗಳ ಸಿಂಪಡಿಕೆಗೆ ಖಾಲಿಯಾಗುತ್ತದೆ.

ತಿಂಗಳಿಗೊಮ್ಮೆ ಡಬ್ಬಿಯನ್ನು ಅಲ್ಲಾಡಿಸಿದರೆ ತಳಕ್ಕಿಳಿದ ಎಣ್ಣೆ ಬೆರೆಯುತ್ತದೆ.

ಎಲ್ಲಿ ಇಡಬಾರದು

ಸ್ಕೂಟಿಯ ಡಿಕ್ಕಿಯಲ್ಲಿ ಇಡಬೇಡಿ. ನಮ್ಮ ಭಾಗದಲ್ಲಿ ಸ್ಪ್ರೇ ಕೆಡುವುದಕ್ಕೆ ಇದೇ ದೊಡ್ಡ ಕಾರಣ. ಇಂಥ ಡಬ್ಬಿಯನ್ನು 50 ಡಿಗ್ರಿ ಮೀರಿದ ಬಿಸಿಗೆ ಒಡ್ಡಬಾರದು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದಲ್ಲಿ ಹೊರಗೇ 40 ದಾಟಿರುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ 60 ದಾಟಬಹುದು. ಬಿಸಿಗೆ ಒಳಗಿನ ಒತ್ತಡ ಏರಿ ವಾಷರ್ ಮೇಲೆ ಬೀಳುತ್ತದೆ, ರಾತ್ರಿ ತಣ್ಣಗಾದಾಗ ಇಳಿಯುತ್ತದೆ. ದಿನವೂ ಹೀಗೆ ಏರಿಳಿದರೆ ಎರಡು ವರ್ಷದ ಡಬ್ಬಿ ಒಂದೇ ಬೇಸಿಗೆಗೆ ಸೊರಗಬಹುದು. ತೀರಾ ಕಾದರೆ ಒಡೆಯಲೂಬಹುದು. ಬೇಸಿಗೆ ಕಳೆದ ಡಬ್ಬಿಯನ್ನು ಜೂನ್‌ನಲ್ಲಿ ತೂಗುವುದು ಕಡ್ಡಾಯ ಎಂದುಕೊಳ್ಳಿ.

ಬ್ಯಾಗಿನ ತಳದಲ್ಲಿ, ಊಟದ ಡಬ್ಬಿಯ ಕೆಳಗೆ ಇದ್ದರೂ ಇಲ್ಲದಂತೆಯೇ. ಹೊರಗಿನ ಜೇಬಿನಲ್ಲಿ, ಲಾಕ್ ಹಾಕಿ, ಒಂದೇ ಕೈಗೆ ಸಿಗುವಂತಿರಲಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೊರಟಿದ್ದರೆ ಮನೆಯಲ್ಲೇ ಬಿಟ್ಟುಹೋಗಿ. ಕೈಚೀಲದಲ್ಲೂ ಲಗೇಜಿನಲ್ಲೂ ಅದಕ್ಕೆ ಅವಕಾಶವಿಲ್ಲ.

ಬಳಸಬೇಕಾಗಿ ಬಂದರೆ

ತೋಳು ಚಾಚಿ, ಕಣ್ಣಿನ ಮಟ್ಟಕ್ಕೆ, ಒಂದು ಸೆಕೆಂಡ್ ಒತ್ತಿ, ಪಕ್ಕಕ್ಕೆ ಸರಿದು ಓಡಿ. ಜನರಿರುವ ಕಡೆಗೆ ಓಡುತ್ತಲೇ 112ಕ್ಕೆ ಕರೆ ಮಾಡಿ. ಪರಿಣಾಮ ನೋಡಲು ನಿಲ್ಲಬೇಡಿ. ಹೆಚ್ಚಿನವರ ಕಣ್ಣು ತಾನಾಗಿ ಮುಚ್ಚಿಕೊಂಡು ಕೆಮ್ಮು ಹತ್ತುತ್ತದೆ, ಉರಿ ಅರ್ಧ ಗಂಟೆಗೂ ಹೆಚ್ಚು ಇರುತ್ತದೆ. ಆದರೆ ಕುಡಿದ ಅಮಲಿನಲ್ಲಿರುವವರು, ಕನ್ನಡಕ ಅಥವಾ ಹೆಲ್ಮೆಟ್ ಹಾಕಿದವರು ಬಗ್ಗದೇ ಇರಬಹುದು. ಸ್ಪ್ರೇ ಕೊಡುವುದು ಓಡಲು ಕೆಲವು ಕ್ಷಣ, ಅಷ್ಟೇ.

ಇದನ್ನು ಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಮಿತಿ 37ನೇ ಕಲಂನಲ್ಲಿದೆ. ಜಗಳದಲ್ಲಿ ಪೆಪ್ಪರ್ ಸ್ಪ್ರೇ ಬಳಸಿದ ಪ್ರಕರಣವೊಂದನ್ನು ರದ್ದುಗೊಳಿಸಲು 2024ರಲ್ಲಿ ಕರ್ನಾಟಕ ಹೈಕೋರ್ಟ್ ನಿರಾಕರಿಸಿ, ಅದನ್ನು ಅಪಾಯಕಾರಿ ಆಯುಧವೆಂದು ಕಂಡಿದೆ. ಮಾತಿನ ಜಗಳಕ್ಕೆ ಅದನ್ನು ಹೊರತೆಗೆಯಬೇಡಿ.

ನಿಮಗೇ ತಗುಲಿದರೆ ಉಜ್ಜಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಕೈ ತೊಳೆದು ತೆಗೆಯಿರಿ. ಹದಿನೈದು ನಿಮಿಷ ತಣ್ಣೀರು ಸುರಿದುಕೊಳ್ಳುತ್ತ ಕಣ್ಣು ಮಿಟುಕಿಸಿ. ಚರ್ಮಕ್ಕೆ ಮಕ್ಕಳ ಶಾಂಪೂ ಹಚ್ಚಿ ತೊಳೆಯಿರಿ. ತುಪ್ಪ, ಎಣ್ಣೆ, ಕ್ರೀಮ್ ಹಚ್ಚಿದರೆ ಖಾರ ಇನ್ನಷ್ಟು ಹರಡುತ್ತದೆ. ಆಸ್ತಮಾ ಇರುವವರಿಗೆ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಅವಧಿ ಮುಗಿದ ಡಬ್ಬಿಯನ್ನು ಅಭ್ಯಾಸಕ್ಕೆ ಬಳಸಿ: ಖಾಲಿ ಹೊಲದಲ್ಲಿ, ಲಾಕ್ ತೆಗೆದು ಗುರಿಯಿಡುವುದನ್ನು ಹತ್ತಾರು ಸಲ ಮಾಡಿ, ಕೊನೆಗೆ ಪೂರ್ತಿ ಸಿಂಪಡಿಸಿ ಮುಗಿಸಿ. ಖಾಲಿ ಡಬ್ಬಿಗೆ ಮೊಳೆ ಹೊಡೆಯಬೇಡಿ, ಕಸದ ಬೆಂಕಿಗೂ ಹಾಕಬೇಡಿ. ಕಾಗದದಲ್ಲಿ ಸುತ್ತಿ, ಬೇರೆ ಕಸಕ್ಕೆ ಬೆರೆಸದೆ, ಅಪಾಯಕಾರಿ ಕಸವೆಂದು ಹೇಳಿ ನಗರಪಾಲಿಕೆಯ ಕಸದ ಗಾಡಿಯವರ ಕೈಗೆ ಕೊಡಿ.