ಪಲ್ಪರ್‌ಗೆ ಪಿಎಲ್‌ಸಿ ಅಳವಡಿಸುವುದು ಹೇಗೆ? ಸೆನ್ಸರ್‌ನಿಂದಲೇ ಶುರು ಮಾಡಿ

ಕೊಯ್ದ ಕಾಫಿ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು, ಎಂದರೆ ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಸುಲಿಯಬೇಕು. ರಾತ್ರಿ ಪಲ್ಪರ್ ನಿಂತುಬಿಟ್ಟರೆ ರಾಶಿಯಲ್ಲಿದ್ದ ಹಣ್ಣು ಬೆಳಗಾಗುವಷ್ಟರಲ್ಲಿ ಬಿಸಿಯೇರಿ ಹುಳಿಯತೊಡಗುತ್ತದೆ. ಆಳುಗಳು ಸಿಗದ ಕಾರಣ ಕೊಡಗಿನ ಮಧ್ಯಮ ಗಾತ್ರದ ತೋಟಗಳಲ್ಲೂ ಈಗ ಪಲ್ಪಿಂಗ್ ಹೌಸಿಗೆ ಪಿಎಲ್‌ಸಿ (ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್, ಯಂತ್ರಗಳನ್ನು ತಾನಾಗಿ ನಡೆಸುವ ಪುಟ್ಟ ಕಂಪ್ಯೂಟರ್) ಬರುತ್ತಿದೆ. ಆದರೆ ಒಂದು ಕೊಯ್ಲು ಮುಗಿಯುವುದರೊಳಗೆ ಸ್ವಿಚ್ಚನ್ನು ‘ಮ್ಯಾನುಯಲ್’ಗೆ ತಿರುಗಿಸಿ ಬಿಟ್ಟ ಪ್ಯಾನೆಲ್‌ಗಳನ್ನು ಸುಂಟಿಕೊಪ್ಪದಿಂದ ಗೋಣಿಕೊಪ್ಪದವರೆಗೂ ನೋಡುತ್ತಲೇ ಇದ್ದೇನೆ. ಬಾಗಿಲು ತೆರೆದರೆ ಪಿಎಲ್‌ಸಿ ಚೆನ್ನಾಗಿಯೇ ಇರುತ್ತದೆ. ಕೈಕೊಟ್ಟಿರುವುದು ಸೆನ್ಸರ್, ಅದೂ ಹೆಚ್ಚಿನ ಸಲ ಜೋಡಿಸಿದ ರೀತಿಯಿಂದ.

ಪಿಎಲ್‌ಸಿಯ ಕೆಲಸ ಸರಳ. ಇನ್‌ಪುಟ್‌ಗಳನ್ನು ಓದುತ್ತದೆ, ಪ್ರೋಗ್ರಾಂ ಪ್ರಕಾರ ತೀರ್ಮಾನಿಸುತ್ತದೆ, ಔಟ್‌ಪುಟ್‌ಗಳನ್ನು ಬದಲಿಸುತ್ತದೆ, ಮತ್ತೆ ಮೊದಲಿನಿಂದ ಶುರು. ಒಂದು ಸುತ್ತಿಗೆ ಕೆಲವೇ ಮಿಲಿಸೆಕೆಂಡ್ ಸಾಕು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕಾರು ಕಾರ್ಖಾನೆಗಳಲ್ಲಿ ಸಾಲುಸಾಲು ರಿಲೇಗಳ (ವಿದ್ಯುತ್ತಿನಿಂದ ನಡೆಯುವ ಸ್ವಿಚ್‌ಗಳ) ಬದಲಿಗೆ ಬಂದ ಸಾಧನ ಇದು. ಪಿಎಲ್‌ಸಿಗೆ ಬರೆಯುವ ಲ್ಯಾಡರ್ ಪ್ರೋಗ್ರಾಂ ಇಂದಿಗೂ ರಿಲೇ ಸರ್ಕ್ಯೂಟಿನ ನಕ್ಷೆಯಂತೆಯೇ ಕಾಣುವುದು ಅದಕ್ಕೇ. ಸ್ಟಾರ್ಟರ್ ವೈರಿಂಗ್ ಬಲ್ಲ ಎಲೆಕ್ಟ್ರಿಷಿಯನ್‌ಗೆ ಅದು ಕಷ್ಟವಾಗದು.

ಹಂತ 1: ಪಟ್ಟಿ ಬರೆಯಿರಿ

ಯಾವುದನ್ನೂ ಕೊಳ್ಳುವ ಮೊದಲು ಕಾಗದದ ಮೇಲೆ ಇನ್‌ಪುಟ್, ಔಟ್‌ಪುಟ್ ಎಂದು ಎರಡು ಸಾಲು ಮಾಡಿ. ಹಣ್ಣು ಸುರಿಯುವ ಹಾಪರ್‌ನಲ್ಲಿ ಹಣ್ಣಿದೆಯೇ, ತೊಟ್ಟಿಯಲ್ಲಿ ನೀರಿದೆಯೇ, ಪಲ್ಪರ್‌ನ ಡ್ರಮ್ ತಿರುಗುತ್ತಿದೆಯೇ, ಮೋಟಾರಿನ ಹೊರೆ ಮಿತಿಮೀರಿದಾಗ ಅದನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಟ್ರಿಪ್ ಆಗಿದೆಯೇ, ಸ್ಟಾರ್ಟ್ ಮತ್ತು ಸ್ಟಾಪ್ ಬಟನ್: ಇವು ಇನ್‌ಪುಟ್. ಪಂಪ್, ಪಲ್ಪರ್, ಹಣ್ಣು ಬಿಡುವ ಫೀಡರ್, ಎಚ್ಚರಿಕೆ ದೀಪ: ಇವು ಔಟ್‌ಪುಟ್. ಮುಂದಿನ ವರ್ಷ ಏನಾದರೂ ಸೇರಿಸಬೇಕಾದೀತು, ಒಂದೆರಡು ಹೆಚ್ಚುವರಿ ಇರಲಿ.

ಹಂತ 2: ಜಾಗಕ್ಕೆ ತಕ್ಕ ಸೆನ್ಸರ್

ನೀರಿನ ತೊಟ್ಟಿಗೆ ಸಾದಾ ಫ್ಲೋಟ್ ಸ್ವಿಚ್ ಸಾಕು. ಪಲ್ಪಿಂಗ್ ನೀರನ್ನು ಮರುಬಳಕೆ ಮಾಡುವಲ್ಲಿ ಮೇಲೆ ನೊರೆ ಕಟ್ಟುತ್ತದೆ. ಶಬ್ದದ ಪ್ರತಿಧ್ವನಿಯಿಂದ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಆ ನೊರೆಯ ಮೇಲೆ ದಾರಿ ತಪ್ಪುತ್ತದೆ, ಅದಕ್ಕೆ ಹಣ ಹಾಕಬೇಡಿ.

ಹಾಪರ್‌ನಲ್ಲಿ ಹಣ್ಣನ್ನು ಗುರುತಿಸಲು, ಲೋಹವಲ್ಲದ ವಸ್ತುವನ್ನೂ ಕಾಣಬಲ್ಲ ಕೆಪಾಸಿಟಿವ್ ಸೆನ್ಸರ್ ಬೇಕು. ಇಂಡಕ್ಟಿವ್ ಸೆನ್ಸರ್ ಲೋಹವನ್ನಷ್ಟೇ ಗುರುತಿಸುತ್ತದೆ, ಹಣ್ಣಿನ ಮುಂದೆ ಅದಕ್ಕೆ ಕಣ್ಣಿಲ್ಲ. ಕೆಪಾಸಿಟಿವ್‌ನ ತೊಂದರೆ ಎಂದರೆ ಹಣ್ಣಿನ ಲೋಳೆ ಮುಖಕ್ಕೆ ಅಂಟಿದರೆ ಹಾಪರ್ ಖಾಲಿಯಾದರೂ ‘ಹಣ್ಣಿದೆ’ ಎಂದೇ ಹೇಳುತ್ತಿರುತ್ತದೆ. ಇದಕ್ಕೆ ಮದ್ದು ಸೆನ್ಸರ್‌ನ ಹಿಂಭಾಗದ ಪುಟ್ಟ ಸ್ಕ್ರೂನಲ್ಲಿದೆ. ಹಾಪರ್ ಖಾಲಿ ಮಾಡಿ, ಸೆನ್ಸರ್ ಮುಖಕ್ಕೆ ಒಂದಿಷ್ಟು ಒದ್ದೆ ಸಿಪ್ಪೆ, ಲೋಳೆ ಸವರಿ. ಸೆನ್ಸರ್ ಮೇಲಿನ ದೀಪ ಹೊತ್ತುವವರೆಗೆ ಸ್ಕ್ರೂ ತಿರುಗಿಸಿ, ನಂತರ ದೀಪ ಆರುವವರೆಗೆ ಹಿಂದಕ್ಕೆ ತಿರುಗಿಸಿ, ಆಮೇಲೆ ಇನ್ನೂ ಸ್ವಲ್ಪ ಹಿಂದಕ್ಕೆ. ಈಗ ಹಣ್ಣು ಸುರಿಯಿರಿ, ದೀಪ ಹೊತ್ತಬೇಕು. ಒಣಗಿದ ಸ್ವಚ್ಛ ಸೆನ್ಸರ್ ಮುಂದೆ ಕೈ ಹಿಡಿದು ಹೊಂದಿಸಿದ ಅಳತೆ ಮೊದಲ ದಿನವೇ ಸುಳ್ಳಾಗುತ್ತದೆ.

ಡ್ರಮ್ ತಿರುಗುವುದನ್ನು ನೋಡಲು ಇಂಡಕ್ಟಿವ್ ಸರಿ. ಆದರೆ ತಾಮ್ರದ ತಗಡು ಹೊದಿಸಿದ ಡ್ರಮ್ಮಿಗೇ ಅದನ್ನು ಗುರಿ ಇಡಬೇಡಿ. ಸೆನ್ಸರ್ ಲೇಬಲ್ ಮೇಲೆ 8 ಮಿಲಿಮೀಟರ್ ಎಂದಿದ್ದರೆ ಆ ದೂರ ಮೈಲ್ಡ್ ಸ್ಟೀಲ್‌ಗೆ (ಎಂಎಸ್) ಕೊಟ್ಟದ್ದು. ತಾಮ್ರ, ಅಲ್ಯುಮಿನಿಯಂಗಳಿಗೆ ಅದು ಅರ್ಧಕ್ಕಿಂತಲೂ ಇಳಿಯುತ್ತದೆ. ಪುಲ್ಲಿಯ ಕಡೆಯ ಶಾಫ್ಟಿಗೆ ಎಂಎಸ್ ಪಟ್ಟಿಯೊಂದನ್ನು ಭದ್ರವಾಗಿ ಕೂರಿಸಿ, ನಾಲ್ಕು ಮಿಲಿಮೀಟರ್ ಅಂತರ ಬಿಡಿ. ಪಟ್ಟಿಯೇ ಏಕೆ, ಬೋಲ್ಟ್ ಸಾಲದೇ ಎಂದು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 120 ಸುತ್ತು, ಕೇಂದ್ರದಿಂದ 10 ಸೆಂಟಿಮೀಟರ್ ದೂರದಲ್ಲಿ 20 ಮಿಲಿಮೀಟರ್ ಬೋಲ್ಟ್ ತಲೆ: ಅದು ಸೆನ್ಸರ್ ಮುಂದೆ ಇರುವುದು ಸುಮಾರು 16 ಮಿಲಿಸೆಕೆಂಡ್. ಕ್ಷಣಿಕ ಸುಳ್ಳು ಸಂಕೇತಗಳನ್ನು ಸೋಸುವ ಇನ್‌ಪುಟ್ ಫಿಲ್ಟರ್‌ನ ವಿಳಂಬ, ಪ್ರೋಗ್ರಾಂ ಸುತ್ತಿನ ಸಮಯ ಎರಡೂ ಸೇರಿದರೆ ಪಿಎಲ್‌ಸಿ ಆ ಬೋಲ್ಟನ್ನು ಒಮ್ಮೆ ಕಂಡು ಒಮ್ಮೆ ಕಾಣದೆ ಹೋಗಬಹುದು. 50 ಮಿಲಿಮೀಟರ್ ಪಟ್ಟಿಯಾದರೆ 40 ಮಿಲಿಸೆಕೆಂಡ್ ಸಿಗುತ್ತದೆ. ‘ಕಾರಣವಿಲ್ಲದೆ ಟ್ರಿಪ್ ಆಗುತ್ತದೆ’ ಎಂಬ ದೂರಿಗೆ ಇಂಥ ಕಿರಿದಾದ ಬೋಲ್ಟೇ ಕಾರಣವಾಗಿರುವುದುಂಟು.

ಹಂತ 3: ಪಿಎನ್‌ಪಿಯೋ ಎನ್‌ಪಿಎನ್ನೋ

ಬಹುಪಾಲು ಕೆಲಸ ಕೆಡುವುದು ಇಲ್ಲಿ. ಮೂರು ವಯರಿನ ಸೆನ್ಸರ್‌ನಲ್ಲಿ ಕಂದು 24 ವೋಲ್ಟ್‌ಗೆ, ನೀಲಿ 0 ವೋಲ್ಟ್‌ಗೆ, ಕಪ್ಪು ಪಿಎಲ್‌ಸಿ ಇನ್‌ಪುಟ್‌ಗೆ. ಇಷ್ಟು ಎಲ್ಲರಿಗೂ ಗೊತ್ತು. ಕಪ್ಪು ವಯರಿನಲ್ಲಿ ಏನು ಬರುತ್ತದೆ ಎಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಸೆನ್ಸರ್‌ಗಳಲ್ಲಿ ಪಿಎನ್‌ಪಿ, ಎನ್‌ಪಿಎನ್ ಎಂದು ಎರಡು ಬಗೆ. ಪಿಎನ್‌ಪಿ ಆನ್ ಆದಾಗ ಕಪ್ಪು ವಯರಿಗೆ 24 ವೋಲ್ಟ್ ಕೊಡುತ್ತದೆ. ಎನ್‌ಪಿಎನ್ ಆನ್ ಆದಾಗ ಅದೇ ವಯರನ್ನು 0 ವೋಲ್ಟ್‌ಗೆ ಎಳೆಯುತ್ತದೆ. ಹಾಗಾಗಿ ಪಿಎನ್‌ಪಿ ಹಾಕಿದರೆ ಪಿಎಲ್‌ಸಿ ಇನ್‌ಪುಟ್‌ಗಳ ಕಾಮನ್ ಟರ್ಮಿನಲ್ 0 ವೋಲ್ಟ್‌ಗೆ ಹೋಗಬೇಕು, ಎನ್‌ಪಿಎನ್ ಹಾಕಿದರೆ 24 ವೋಲ್ಟ್‌ಗೆ. ಆ ಟರ್ಮಿನಲ್ಲಿಗೆ ಕೆಲವು ಪಿಎಲ್‌ಸಿಗಳಲ್ಲಿ 1ಎಂ, ಕೆಲವದರಲ್ಲಿ ಎಸ್/ಎಸ್ ಎಂದು ಗುರುತು ಇರುತ್ತದೆ. ಈ ಎರಡು ಜೋಡಣೆಗಳಿಗಿರುವ ಸಿಂಕ್, ಸೋರ್ಸ್ ಎಂಬ ಹೆಸರುಗಳನ್ನು ತಯಾರಕರು ಒಂದೇ ಅರ್ಥದಲ್ಲಿ ಬಳಸುವುದಿಲ್ಲ, ಅವುಗಳನ್ನು ನಂಬಿ ಜೋಡಿಸಬೇಡಿ. ಕೈಪಿಡಿಯ ಚಿತ್ರದಲ್ಲಿ ಕರೆಂಟ್ ಹರಿಯುವ ದಾರಿಯನ್ನು ಬೆರಳಿಟ್ಟು ನೋಡಿ.

ತಪ್ಪಾಗಿದ್ದರೆ ಗುರುತಿಸುವುದು ಸುಲಭ: ಸೆನ್ಸರ್ ಮೇಲಿನ ದೀಪ ಹೊತ್ತುತ್ತದೆ, ಪಿಎಲ್‌ಸಿ ಇನ್‌ಪುಟ್ ದೀಪ ಹೊತ್ತುವುದಿಲ್ಲ. ಇದನ್ನು ಕಂಡು ಪಿಎಲ್‌ಸಿ ಸುಟ್ಟಿದೆ ಎಂದು ಹೊಸದನ್ನೇ ತರಿಸಿದವರಿದ್ದಾರೆ. ಲೇಬಲ್ ಅಳಿಸಿದ್ದರೆ 24 ವೋಲ್ಟಿನ ಇಂಡಿಕೇಟರ್ ದೀಪವನ್ನು ಕಪ್ಪು ಮತ್ತು ನೀಲಿ ವಯರಿನ ನಡುವೆ ಹಿಡಿದು ಸೆನ್ಸರ್ ಮುಂದೆ ಕಬ್ಬಿಣ ತನ್ನಿ. ಆಗ ಹೊತ್ತಿದರೆ ಪಿಎನ್‌ಪಿ. ಹೊತ್ತದಿದ್ದರೆ ಕಂದು ಮತ್ತು ಕಪ್ಪಿನ ನಡುವೆ ಹಿಡಿಯಿರಿ. ಅಲ್ಲಿ ಹೊತ್ತಿದರೆ ಎನ್‌ಪಿಎನ್.

ನಮ್ಮ ಕಡೆ ಎಲ್ಲವೂ ಪಿಎನ್‌ಪಿಯೇ ಇರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಲ್ಪಿಂಗ್ ಹೌಸಿನಲ್ಲಿ ವಯರಿನ ಹೊದಿಕೆ ಹರಿದು ಒದ್ದೆ ಕಬ್ಬಿಣಕ್ಕೆ ತಾಗುವುದು ಸಾಮಾನ್ಯ. 0 ವೋಲ್ಟನ್ನು ಅರ್ತ್ ಮಾಡಿರುವ ಪ್ಯಾನೆಲ್‌ನಲ್ಲಿ ಎನ್‌ಪಿಎನ್ ವಯರ್ ಹೀಗೆ ತಾಗಿದರೆ ಪಿಎಲ್‌ಸಿಗೆ ಅದು ‘ಆನ್’ ಎಂದೇ ತೋರುತ್ತದೆ, ಹಣ್ಣಿಲ್ಲದಿದ್ದರೂ ಯಂತ್ರ ಓಡುತ್ತದೆ. ಪಿಎನ್‌ಪಿಯಲ್ಲಿ ಅದೇ ತಪ್ಪು ‘ಆಫ್’ ಆಗಿ ಯಂತ್ರ ನಿಲ್ಲುತ್ತದೆ. ಇದೇ ಕಾರಣಕ್ಕೆ ಫ್ಲೋಟ್ ಸ್ವಿಚ್ಚನ್ನೂ ನೀರಿರುವಾಗ ಸರ್ಕ್ಯೂಟ್ ಕೂಡಿಕೊಂಡಿರುವಂತೆ ಜೋಡಿಸಿ. ಇಲಿ ವಯರ್ ಕಡಿದರೆ ‘ನೀರಿಲ್ಲ’ ಎಂದಾಗಿ ಪಂಪ್ ಒಣಗಿ ಓಡುವುದು ತಪ್ಪುತ್ತದೆ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಸೆನ್ಸರ್‌ಗಳ ಮೇಲೂ ಐಪಿ67 (ದೂಳು, ನೀರು ಒಳಹೋಗದು ಎಂಬ ದರ್ಜೆ) ಎಂದು ಅಚ್ಚಾಗಿರುತ್ತದೆ. ಕೇಬಲ್ ಹೊರಬರುವ ಜಾಗವನ್ನು ಹಿಡಿದು ಎಳೆದು ನೋಡಿ. ಅಲ್ಲಾಡಿದರೆ ನಮ್ಮ ಮಳೆಗಾಲಕ್ಕೆ ಅದು ತಡೆಯದು.

ಹಂತ 4: ಕೇಬಲ್ ಮತ್ತು ಪ್ಯಾನೆಲ್

24 ವೋಲ್ಟಿನ ಕೇಬಲ್ ಮತ್ತು ಮೋಟಾರ್ ಕೇಬಲ್ ಒಂದೇ ಪೈಪಿನಲ್ಲಿ ಹೋಗಬಾರದು. ಕೇಬಲ್ ಪ್ಯಾನೆಲ್‌ಗೆ ಕೆಳಗಿನಿಂದಲೇ ಗ್ಲಾಂಡ್ (ಕೇಬಲ್ ಸುತ್ತ ಬಿಗಿಯಾಗಿ ಕೂರುವ ಬಿರಡೆ) ಮೂಲಕ ಬರಲಿ, ಮೇಲಿನಿಂದ ತಂದರೆ ನೀರೂ ಅದರ ಜೊತೆಗೇ ಇಳಿಯುತ್ತದೆ. ಉಳಿದ ರಂಧ್ರಗಳನ್ನು ಮುಚ್ಚಿ, ಇರುವೆ, ಹಲ್ಲಿ ಹೊರಗಿರಲಿ. ಏಪ್ರಿಲ್, ಮೇ ಗುಡುಗಿನ ತಿಂಗಳುಗಳು: ಸರ್ಜ್ ಪ್ರೊಟೆಕ್ಟರ್ ಮತ್ತು ಒಳ್ಳೆಯ ಅರ್ತಿಂಗ್ ಇಲ್ಲದೆ ಕೆರೆಯ ದಂಡೆಯಿಂದ ಉದ್ದನೆಯ ಸಿಗ್ನಲ್ ಕೇಬಲ್ ಎಳೆದು ತರಬೇಡಿ. 415 ವೋಲ್ಟಿನ ಕೆಲಸವನ್ನು ಪರವಾನಗಿ ಇರುವವರೇ ಮಾಡಲಿ.

ಎಮರ್ಜೆನ್ಸಿ ಸ್ಟಾಪ್ ಬಟನ್ ಪಿಎಲ್‌ಸಿಯನ್ನು ನಂಬಿಕೊಂಡಿರಬಾರದು. ಅದು ಮೋಟಾರಿಗೆ ಕರೆಂಟ್ ಕೂಡಿಸುವ ಕಾಂಟ್ಯಾಕ್ಟರ್ ಕಾಯಿಲ್‌ನ ಕರೆಂಟನ್ನು ನೇರವಾಗಿ ಕಡಿಯಬೇಕು.

ಹಂತ 5: ಪ್ರೋಗ್ರಾಂ

ಮೊದಲು ನೀರು, ನಂತರ ಪಲ್ಪರ್, ಕೊನೆಗೆ ಫೀಡರ್. ನಿಲ್ಲಿಸುವಾಗ ಇದರ ತಿರುವುಮುರುವು. ಮೋಟಾರ್ ಓಡುತ್ತಿದ್ದು ಮೂರು ಸೆಕೆಂಡ್ ಕಾಲ ಡ್ರಮ್ ಸೆನ್ಸರ್‌ನಿಂದ ಸಂಕೇತ ಬಾರದಿದ್ದರೆ ಎಲ್ಲವೂ ನಿಲ್ಲಲಿ: ಬೆಲ್ಟ್ ಜಾರಿದೆ ಅಥವಾ ಕಲ್ಲು ಸಿಕ್ಕಿದೆ. ಕರೆಂಟ್ ಹೋಗಿ ಬಂದಾಗ ಯಾವ ಮೋಟಾರೂ ತಾನಾಗಿ ಹೊರಡಕೂಡದು. ಕತ್ತಲಲ್ಲಿ ಸಿಕ್ಕಿಕೊಂಡ ಹಣ್ಣನ್ನು ಬಿಡಿಸಲು ಯಾರೋ ಒಳಗೆ ಕೈ ಹಾಕಿರುತ್ತಾರೆ. ಸ್ಟಾರ್ಟ್ ಬಟನ್ ಒತ್ತಿದ ಮೇಲೆಯೇ ಓಡಲಿ. ಪೂರ್ತಿ ಹಣ ಕೊಡುವ ಮೊದಲು ಪ್ರೋಗ್ರಾಂನ ಪ್ರತಿಯನ್ನು ಪಾಸ್‌ವರ್ಡ್ ಇಲ್ಲದೆ ಪಡೆದುಕೊಳ್ಳಿ. ಇಲ್ಲವಾದರೆ ಕೊಯ್ಲಿನ ನಡುವೆ ಒಂದು ಟೈಮರ್ ಬದಲಿಸಲೂ ಪ್ರೋಗ್ರಾಂ ಬರೆದವರ ದಾರಿ ಕಾಯಬೇಕಾಗುತ್ತದೆ.

ಹಂತ 6: ಪರೀಕ್ಷೆ

ಅರೇಬಿಕಾ ಹಣ್ಣಾಗುವ ಮೊದಲೇ, ಅಕ್ಟೋಬರ್‌ನಲ್ಲಿ, ಫೀಡರ್ ನಿಲ್ಲಿಸಿ ನೀರು ಮಾತ್ರ ಬಿಟ್ಟು ಓಡಿಸಿ. ಫ್ಲೋಟ್ ಮತ್ತು ಡ್ರಮ್ ಸೆನ್ಸರ್‌ಗಳ ವಯರನ್ನು ಟರ್ಮಿನಲ್‌ನಿಂದ ಒಂದೊಂದಾಗಿ ಬಿಚ್ಚಿ. ಪ್ರತಿ ಸಲವೂ ಯಂತ್ರ ನಿಲ್ಲಬೇಕು, ಯಾವುದು ತಪ್ಪಿದೆ ಎಂಬುದು ದೀಪದಲ್ಲಿ ಕಾಣಬೇಕು. ಒಂದು ವಯರ್ ಬಿಚ್ಚಿದರೂ ಓಡುತ್ತಿದ್ದರೆ ಮೂರನೆಯ ಹಂತಕ್ಕೆ ಮರಳಿ. ಹಾಪರ್ ಸೆನ್ಸರ್ ಅನ್ನು ಮೊದಲ ದಿನದ ಹಣ್ಣು ಬಂದಾಗ ಲೋಳೆ ಸವರಿ ಮತ್ತೊಮ್ಮೆ ಹೊಂದಿಸಿ. ಇನ್‌ಪುಟ್, ಔಟ್‌ಪುಟ್ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿ, ರಾತ್ರಿ ಪಾಳಿಯ ಮೇಸ್ತ್ರಿಗೆ ಓದಿ ತೋರಿಸಿ. ಪ್ರತಿ ಬಗೆಯ ಸೆನ್ಸರ್ ಒಂದೊಂದು ಹೆಚ್ಚುವರಿಯಾಗಿ ಪ್ಯಾನೆಲ್ ಪಕ್ಕದಲ್ಲೇ ಇರಲಿ.