ಸ್ಟೇಷನ್ನಲ್ಲಿ ಕಂಪ್ಲೇಂಟ್ ತಗೊಳ್ದೆ ಓಡಾಡಿಸಿದ್ರೆ, ಕಾಸು ಕೇಳಿದ್ರೆ ಎಂತ ಮಾಡೋದು: ಶಿವಮೊಗ್ಗ ಕಡೆಯೋರಿಗೆ

ಅಡಿಕೆ ಮೂಟೆ ಕಳ್ಳತನ ಆಯ್ತು ಅಂತ ಹೋದ್ರೆ "ಸಾಹೇಬ್ರಿಲ್ಲ, ನಾಳೆ ಬನ್ನಿ" ಅಂತಾರೆ, ಪಾಸ್‌ಪೋರ್ಟ್ ವೆರಿಫಿಕೇಶನ್ನಿಗೆ ಬಂದೋರು "ಪೆಟ್ರೋಲ್ ಖರ್ಚು" ಅಂತ ತಲೆ ಕೆರ್ಕೊಂಡು ನಿಲ್ತಾರೆ, ಬೇಲಿ ಜಗಳ ಆದ್ರೆ ಎದುರು ಪಾರ್ಟಿ ಮೊದ್ಲೇ ಹೋಗಿ ಕೈ ಬೆಚ್ಚಗೆ ಮಾಡಿ ಬಂದಿರುತ್ತೆ. ನಮ್ ಕಡೆ ಇದಕ್ಕೆಲ್ಲ ಒಂದೇ ಮದ್ದು, ಗುರ್ತಿನ ಪುಡಾರಿ ಕೈಲಿ ಫೋನ್ ಮಾಡ್ಸೋದು. ಅದ್ರಿಂದ ನಿಮ್ ಕೆಲ್ಸ ಆಗ್ಬಹುದು, ಆದ್ರೆ ಎಲ್ಲೂ ಒಂದಕ್ಷರ ದಾಖಲೆ ಉಳಿಯಲ್ಲ, ಮುಂದಿನ ವಾರ ಇನ್ನೊಬ್ರಿಗೆ ಅದೇ ಕಥೆ. ಹಂಗಾಗಿ ದಾಖಲೆ ಹುಟ್ಟಿಸೋದು ಹೆಂಗೆ ಅಂತಷ್ಟೇ ಬರೀತೀನಿ.

ಇದ್ರಿಂದ ಎಂತ ಆಗುತ್ತೆ ಅನ್ನೋರು ಅಮೆರಿಕದ ಶಿಕಾಗೋ ಕಥೆ ಕೇಳಿ. ಅಲ್ಲಿ ರೊನಾಲ್ಡ್ ವಾಟ್ಸ್ ಅಂತ ಒಬ್ಬ ಸಾರ್ಜೆಂಟ್, ಬಡವರಿದ್ದ ಸರ್ಕಾರಿ ವಸತಿ ಬಿಲ್ಡಿಂಗ್‌ಗಳಲ್ಲಿ ಮಾಮೂಲಿ ವಸೂಲಿ ಮಾಡ್ಕೊಂಡಿದ್ದ, ಕೊಡಲ್ಲ ಅಂದೋರ ಮೇಲೆ ಡ್ರಗ್ಸ್ ಸಿಕ್ತು ಅಂತ ಸುಳ್ಳು ಕೇಸ್ ಹಾಕ್ತಿದ್ದ. ಜನ ವರ್ಷಗಟ್ಲೆ ದೂರು ಕೊಟ್ರು, ಕೇಳೋರಿಲ್ಲ. ಕೊನೆಗೆ ಎಫ್‌ಬಿಐ ತನ್ನ ಕಡೆಯೋನ್ನ ಬಿಟ್ಟು ಬಲೆ ಹಾಕಿ 2012ರಲ್ಲಿ ಹಿಡೀತು, 2013ರಲ್ಲಿ ಆದ ಶಿಕ್ಷೆ ಬರೀ 22 ತಿಂಗಳು. ಆದ್ರೆ ಜನ ಹಿಂದೆ ಕೊಟ್ಟ ದೂರುಗಳು ಫೈಲಲ್ಲಿ ಉಳ್ಕೊಂಡಿದ್ವು ನೋಡಿ, ಆಮೇಲೆ ಅವನ ಟೀಮ್ ಹಾಕಿದ್ದ ಕೇಸುಗಳಲ್ಲಿ 200ಕ್ಕೂ ಹೆಚ್ಚು ಶಿಕ್ಷೆಗಳು ರದ್ದಾದ್ವು.

ಈಗ ನಮ್ಮ ವಿಷ್ಯ. ಸ್ಟೇಷನ್ನಿಗೆ ಹೋಗೋಕೆ ಮುಂಚೆನೇ ಮನೇಲಿ ಕೂತು ಬರೀರಿ, ಒಂದೇ ಪುಟ, ಏನಾಯ್ತು, ಯಾವಾಗ, ಎಲ್ಲಿ, ಎಷ್ಟು ಹೋಯ್ತು, ಯಾರ ಮೇಲೆ ಅನುಮಾನ. ಅಜ್ಜನ ಕಾಲದ ಜಗಳ ಎಲ್ಲ ತುಂಬ್ಬೇಡಿ ಮಾರಾಯ್ರೆ, ರೈಟರ್ ಅದನ್ನ ನೋಡಿ "ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಅಂತ ಕಳಿಸೋಕೆ ನೀವೇ ದಾರಿ ಮಾಡ್ಕೊಟ್ಟಂಗಾಗುತ್ತೆ. ಎರಡು ಕಾಪಿ ಇರ್ಲಿ, ಒಂದು ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕ್ಸಿ. ಬರೆಯೋಕೆ ಬರದೋರು ಬಾಯಲ್ಲಿ ಹೇಳಿದ್ರೂ ಬರ್ಕೊಂಡು ಓದಿ ಹೇಳ್ಬೇಕು ಅಂತ ಕಾನೂನಲ್ಲೇ ಇದೆ, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಬಿಎನ್‌ಎಸ್‌ಎಸ್‌ನ 173ನೇ ಸೆಕ್ಷನ್. ಎಫ್‌ಐಆರ್ ಕಾಪಿ ದೂರುದಾರ್ರಿಗೆ ಫ್ರೀ, ಜೆರಾಕ್ಸ್ ದುಡ್ಡೂ ಕೊಡ್ಬೇಕಿಲ್ಲ. "ನಮ್ಮ ಲಿಮಿಟ್ ಅಲ್ಲ, ಪಕ್ಕದ ಠಾಣೆಗೆ ಹೋಗಿ" ಅನ್ನೋದೂ ಈಗ ನಡೆಯಲ್ಲ, ಝೀರೋ ಎಫ್‌ಐಆರ್ ಮಾಡಿ ಅವ್ರೇ ಕಳಿಸ್ಬೇಕು. ಆನ್‌ಲೈನಲ್ಲಿ ಕಳ್ಸಿದ್ರೆ 3 ದಿನದೊಳಗೆ ಹೋಗಿ ಸಹಿ ಹಾಕ್ಬೇಕು, ಅದು ಮರೀಬೇಡಿ.

ಇಲ್ಲೊಂದು ಸಣ್ಣ ಕೊಕ್ಕೆ ಇದೆ. 3 ವರ್ಷದಿಂದ 7 ವರ್ಷದೊಳಗೆ ಶಿಕ್ಷೆ ಇರೋ ಅಪರಾಧ ಆದ್ರೆ ಡಿವೈಎಸ್‌ಪಿ ಪರ್ಮಿಶನ್ ತಗೊಂಡು ಮೊದ್ಲು ಪ್ರಾಥಮಿಕ ವಿಚಾರಣೆ ಮಾಡ್ಬಹುದು, ಅದಕ್ಕೆ 14 ದಿನ ಟೈಮು. ಅದನ್ನೇ ಹಿಡ್ಕೊಂಡು ಎಲ್ಲದಕ್ಕೂ "ಎನ್ಕ್ವಯರಿಲಿದೆ" ಅಂತಾರೆ, ಆವಾಗ "ಸರಿ ಸಾರ್, ಹಿಂಬರಹ ಕೊಡಿ" ಅಂತ, ಅಂದ್ರೆ ಅದನ್ನೇ ಬರವಣಿಗೇಲಿ ಕೊಡಿ ಅಂತ, ನಿಧಾನಕ್ಕೆ ಕೇಳಿ. ಜಗಳ ಬೇಡ, ದನಿ ಏರಿಸೋದೂ ಬೇಡ, ಕರ್ತವ್ಯಕ್ಕೆ ಅಡ್ಡಿ ಅಂತ ನಿಮ್ ಮೇಲೇ ಕೇಸ್ ಬೀಳೋದು ಕಷ್ಟ ಏನಲ್ಲ.

ತಗೊಳ್ಲೇ ಇಲ್ವಾ, ಅದೇ ದೂರನ್ನ ಶಿವಮೊಗ್ಗ ಎಸ್‌ಪಿಗೆ ಅಂಚೇಲಿ ಕಳಿಸಿ. ರಿಜಿಸ್ಟರ್ಡ್ ಪೋಸ್ಟು ಈಗ ಸ್ಪೀಡ್ ಪೋಸ್ಟಲ್ಲೇ ಸೇರ್ಕೊಂಡಿದೆ, ಅದನ್ನೇ ಮಾಡಿ, ರಸೀದಿ ಎತ್ತಿಡಿ. ಆಫೀಸಿಗೇ ಹೋಗೋರು ಟಪಾಲಲ್ಲಿ ಕೊಟ್ಟು ಸೀಲ್ ಹಾಕ್ಸ್ಕೊಳ್ಳಿ. ಅಲ್ಲೂ ಆಗ್ಲಿಲ್ಲ ಅಂದ್ರೆ ಲಾಯರ್ ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ಅದೇ ಕಾನೂನಿನ ಸೆಕ್ಷನ್ 175(3) ಕೆಳಗೆ ಅಫಿಡವಿಟ್ ಜೊತೆ ಅರ್ಜಿ, ಎಸ್‌ಪಿಗೆ ಕಳಿಸಿದ ರಸೀದಿ ಬೇಕಾಗೋದು ಇಲ್ಲೇ. ಸಾಗರ, ತೀರ್ಥಹಳ್ಳಿ, ಸೊರಬ ಕಡೆಯೋರು ಇದಕ್ಕೆ ಶಿವಮೊಗ್ಗಕ್ಕೆ ಬಸ್ ಹತ್ತೋ ಅಗತ್ಯ ಇಲ್ಲ, ತಾಲೂಕಿನ ಕೋರ್ಟಲ್ಲೇ ಆಗುತ್ತೆ.

ಒಳಗೆ ಬೈದ್ರು, ಹೊಡೆದ್ರು, ಇಡೀ ದಿನ ಕೂರ್ಸಿದ್ರು ಅಂತಿದ್ರೆ ಸಿಸಿಟಿವಿ ನೆನಪಿಡಿ. ಎಲ್ಲ ಠಾಣೆಲೂ ಕ್ಯಾಮೆರಾ ಇರ್ಬೇಕು, ರೆಕಾರ್ಡಿಂಗ್ 18 ತಿಂಗಳು ಇಡ್ಬೇಕು, ಆಗದಿದ್ರೆ ಕಡೇಪಕ್ಷ ಒಂದು ವರ್ಷ ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರಲ್ಲಿ ಹೇಳಿದೆ. ಕ್ಯಾಮೆರಾ ಕೆಟ್ಟಿತ್ತು ಅನ್ನೋ ಉತ್ರ ಬರ್ಬಹುದು, ಆದ್ರೂ ತಾರೀಖು, ಟೈಮ್ ಹಾಕಿ "ಈ ಫೂಟೇಜ್ ಅಳಿಸದೆ ಇಡಿ" ಅಂತ ಆ ವಾರದಲ್ಲೇ ಬರ್ದು ಕೊಡಿ. ಶಿಕಾಗೋದಲ್ಲೇ 2014ರ ಅಕ್ಟೋಬರಲ್ಲಿ ಲಕ್ವಾನ್ ಮೆಕ್‌ಡೊನಾಲ್ಡ್ ಅನ್ನೋ 17 ವರ್ಷದ ಹುಡುಗನ ಮೇಲೆ ಒಬ್ಬ ಪೊಲೀಸ್ 16 ಗುಂಡು ಹಾರಿಸಿದ, ಹುಡುಗ ಚಾಕು ಹಿಡ್ಕೊಂಡು ಮೈಮೇಲೆ ಬಂದ ಅಂತ ರಿಪೋರ್ಟ್ ಬರೆದ್ರು, ಒಬ್ಬ ಪತ್ರಕರ್ತ ಅಲ್ಲಿನ ಮಾಹಿತಿ ಹಕ್ಕಲ್ಲಿ ಕಾರಿನ ಕ್ಯಾಮೆರಾದ ವಿಡಿಯೋ ಕೇಳಿ ಕೋರ್ಟಿಗೆ ಹೋದ. 2015ರ ನವೆಂಬರಲ್ಲಿ ವಿಡಿಯೋ ಹೊರಗೆ ಬಂತು, ಹುಡುಗ ದೂರ ನಡ್ಕೊಂಡು ಹೋಗ್ತಿದ್ದ. ಕಮಿಷನರ್ ಕುರ್ಚಿ ಹೋಯ್ತು, ಗುಂಡು ಹಾರ್ಸಿದವನಿಗೆ ಶಿಕ್ಷೆ ಆಯ್ತು, 2019ರಿಂದ ಇಡೀ ಪೊಲೀಸ್ ಇಲಾಖೆನೇ ಕೋರ್ಟಿನ ಉಸ್ತುವಾರೀಲಿ ಸುಧಾರಣೆ ಮಾಡ್ಕೊಳ್ಬೇಕಾಯ್ತು.

ಇನ್ನು ನೇರ ಲಂಚ. ಇದಕ್ಕೆ ಎಸ್‌ಪಿ ಹತ್ರ ಹೋಗೋಕಿಂತ ಶಿವಮೊಗ್ಗದ ಲೋಕಾಯುಕ್ತ ಪೊಲೀಸ್ ಆಫೀಸಿಗೆ ಹೋಗಿ. ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಅಂತ ಹುಡುಕ್ಬೇಡಿ, 2016ರಲ್ಲಿ ಮಾಡಿದ್ದ ಅದನ್ನ ಹೈಕೋರ್ಟ್ 2022ರ ಆಗಸ್ಟಲ್ಲಿ ರದ್ದು ಮಾಡ್ತು. ಲೋಕಾಯುಕ್ತದಲ್ಲಿರೋರೂ ಡೆಪ್ಯುಟೇಶನ್ ಮೇಲೆ ಬಂದ ಪೊಲೀಸರೇ ಅನ್ನೋದು ನಿಜ, ಆದ್ರೆ ಜಿಲ್ಲಾ ಎಸ್‌ಪಿ ಕೈಕೆಳಗಿಲ್ಲ, ಅಷ್ಟು ಸಾಕು. ಕಾಸು ಕೇಳಿದ ತಕ್ಷಣ ಇಲ್ಲ ಅಂತ ಮುಖಕ್ಕೆ ಹೊಡ್ದಂಗೆ ಹೇಳ್ಬೇಡಿ, ಒಪ್ಕೊಂಡೂ ಬಿಡ್ಬೇಡಿ, "ದುಡ್ಡು ಹೊಂದಿಸ್ತೀನಿ ಸಾರ್, ಎಷ್ಟು ಅಂತ ಸರಿಯಾಗಿ ಹೇಳಿ" ಅಂತ ಟೈಮ್ ತಗೊಳ್ಳಿ. ಮಾತು ಫೋನಲ್ಲಿ ರೆಕಾರ್ಡ್ ಆಗಿದ್ರೆ ಒಳ್ಳೇದು, ಯಾಕಂದ್ರೆ ಕೋರ್ಟಲ್ಲಿ ನಿಲ್ಲೋದು ಕೇಳಿದ್ದು ಸಾಬೀತಾದ್ರೆ, ಬರೀ ಜೇಬಲ್ಲಿ ನೋಟು ಸಿಕ್ಕಿದ್ರೆ ಸಾಲಲ್ಲ. ರೆಕಾರ್ಡಿಂಗ್ ಕತ್ತರಿಸಬೇಡಿ, ವಾಟ್ಸಾಪಲ್ಲಿ ಹಂಚಬೇಡಿ, ಆ ಫೋನನ್ನ ಮಾರ್ಲೇಬೇಡಿ.

ಆಮೇಲೆ ಅವ್ರು ಟ್ರ್ಯಾಪ್ ಮಾಡ್ತಾರೆ. ನೋಟಿನ ನಂಬರ್ ಬರ್ಕೊಂಡು, ಫಿನಾಫ್ತಲೀನ್ ಪುಡಿ ಹಚ್ಚಿ, ಪಂಚರ ಎದುರು ಮಹಜರು ಬರೆದು ನಿಮ್ಮನ್ನ ಕಳಿಸ್ತಾರೆ, ನೋಟು ಮುಟ್ಟಿದ ಕೈನ ಸೋಡಿಯಂ ಕಾರ್ಬೊನೇಟ್ ನೀರಲ್ಲಿ ಅದ್ದಿದ್ರೆ ನೀರು ಗುಲಾಬಿ ಬಣ್ಣ ಆಗುತ್ತೆ. ಅವ್ರು ಬಾಯಿ ಬಿಟ್ಟು ಕೇಳೋ ತನಕ ನೀವಾಗೇ ಕೊಡ್ಬಾರ್ದು, ಸುಮಾರು ಕೇಸು ಬಿದ್ದೋಗೋದೇ ಈ ಅವಸರದಲ್ಲಿ. ಹಿಂಗೆ ಮೊದ್ಲೇ ತಿಳಿಸಿ ಕೊಟ್ಟ ದುಡ್ಡಿಗೆ ನಿಮ್ ಮೇಲೆ ಕೇಸಿಲ್ಲ. ಒತ್ತಾಯಕ್ಕೆ ಆಗ್ಲೇ ಕೊಟ್ಬಿಟ್ಟಿದೀರಾ, 7 ದಿನದೊಳಗೆ ಹೋಗಿ ಹೇಳಿದ್ರೆ ಆವಾಗ್ಲೂ ಬಚಾವ್, ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡೀಲಿ ಹಂಗಿದೆ. ಎಂಟನೇ ದಿನ ಹೋದ್ರೆ ಕೊಟ್ಟೋರೂ ಅಪರಾಧಿನೇ.

ಕಸ್ಟಡೀಲಿ ಸಾವು, ಜೋರು ಪೆಟ್ಟು ಅಂಥದ್ದಾದ್ರೆ ಬೆಂಗಳೂರಲ್ಲಿ ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಇದೆ. 2006ರ ಪ್ರಕಾಶ್ ಸಿಂಗ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಕ್ಕೆ ಹುಟ್ಟಿದ್ದು, ಹೆಸ್ರು ಕೇಳಿರೋರೇ ಕಮ್ಮಿ, ಕೇಳದೇ ಇರೋದು ಇಲಾಖೆಗೂ ಅನುಕೂಲ ಅನ್ಸುತ್ತೆ ನಂಗೆ.

ದೂರು ಕೊಟ್ಟು ತಿಂಗ್ಳಾದ್ರೂ ಸುದ್ದಿ ಇಲ್ಲ ಅಂದ್ರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಎಸ್‌ಪಿ ಆಫೀಸಿನ ಮಾಹಿತಿ ಅಧಿಕಾರಿಗೆ ಆರ್‌ಟಿಐ ಹಾಕಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರ್ಬಾರ್ದು, ವಿಷಯ ಒಂದೇ ಇರ್ಬೇಕು, ಆದ್ರಿಂದ ಯಾಕೆ ಮಾಡ್ಲಿಲ್ಲ ಅಂತ ವಾದಕ್ಕೆ ಇಳೀಬೇಡಿ. ಇಂಥ ತಾರೀಖಿನ ನನ್ನ ಅರ್ಜಿ ಯಾರ ಟೇಬಲ್ಲಿಗೆ ಹೋಯ್ತು, ಅದರ ಮೇಲೆ ಏನು ಬರ್ದಿದಾರೆ, ಕಡತದ ನಕಲು ಕೊಡಿ ಅಂತಷ್ಟೇ ಕೇಳಿ. 30 ದಿನದಲ್ಲಿ ಉತ್ರ ಬರ್ಲಿಲ್ಲ ಅಂದ್ರೆ ಅದೇ ಆಫೀಸಲ್ಲಿ ಮೇಲಿನ ಅಧಿಕಾರಿಗೆ ಮೊದಲ ಅಪೀಲು.